ಸೊನ್ನೆ ಸರಣಿಯ ಬುಲೆಟ್ ರೈಲು: ಮೂಗು ಬಿಟ್ಟು ಉಳಿದದ್ದು

ಜಪಾನಿನ ಮೊದಲ ಬುಲೆಟ್ ರೈಲು ಅಂದಕೂಡಲೇ ಕಣ್ಣಮುಂದೆ ಬರುವುದು ಆ ದುಂಡು ಮೂಗು, ಬಿಳಿ-ನೀಲಿ ಬಣ್ಣ, ಹಿನ್ನೆಲೆಯಲ್ಲಿ ಫ್ಯೂಜಿ ಬೆಟ್ಟ. ಮೂಗಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಇಲ್ಲಿ ಅದನ್ನು ಬಿಟ್ಟು ಉಳಿದದ್ದನ್ನು ನೋಡೋಣ: ಚಕ್ರ, ಮೋಟಾರು, ಬಾಗಿಲು, ಕಿಟಕಿ ಗಾಜು, ಹಳಿಯ ಕೆಳಗಿನ ಜಲ್ಲಿ. 1964ರ ಅಕ್ಟೋಬರ್ 1ರಂದು ಓಡಲು ಶುರುಮಾಡಿದ ಈ ಸೊನ್ನೆ ಸರಣಿ ನಿಂತದ್ದು 2008ರ ನವೆಂಬರ್ 30ಕ್ಕೆ. ಒಟ್ಟು 3216 ಬೋಗಿಗಳನ್ನು ಕಟ್ಟಿದರು. ಅದರಲ್ಲಿ ಬಳಸಿದ ಒಂದೊಂದೇ ತಂತ್ರವನ್ನು ತೆಗೆದುಕೊಂಡರೆ ಬಹುಪಾಲು ಆಗಲೇ ಬೇರೆ ಕಡೆ ಓಡಿ ತೋರಿಸಿದ್ದವೇ. ಹೊಸದೇನಿದ್ದರೂ ಅದು ಜೋಡಣೆಯಲ್ಲಿ, ಆಮೇಲೆ ಕಂಡ ದೋಷಗಳನ್ನು ಬೆನ್ನುಹತ್ತಿ ತಿದ್ದಿದ ರೀತಿಯಲ್ಲಿ.

ಇಕ್ಕಟ್ಟಿನ ಹಳಿ

ಜಪಾನಿನ ಹಳೆಯ ರೈಲುಮಾರ್ಗಗಳ ಗೇಜ್ 1067 ಮಿ.ಮೀ. ನಮ್ಮ ಮೈಸೂರು ಸೀಮೆಯಲ್ಲಿ ಓಡುತ್ತಿದ್ದ ಮೀಟರ್ ಗೇಜ್‌ಗಿಂತ 67 ಮಿ.ಮೀ. ಮಾತ್ರ ಹೆಚ್ಚು. ಟೋಕಿಯೊದಿಂದ ಒಸಾಕಾಗೆ ಹೋಗುವ ತೋಕೈದೊ ಮಾರ್ಗ ಇದೇ ಗೇಜಿನದು, ದೇಶದಲ್ಲೇ ಹೆಚ್ಚು ದಟ್ಟಣೆಯದು, ತಿರುವುಗಳೂ ಲೆವೆಲ್ ಕ್ರಾಸಿಂಗ್‌ಗಳೂ ತುಂಬಿದ್ದು. 1956ರ ನವೆಂಬರ್ 19ಕ್ಕೆ ಅದರ ಪೂರ್ತಿ ಉದ್ದಕ್ಕೂ ವಿದ್ಯುತ್ ಬಂತು. ಎರಡು ವರ್ಷ ಕಳೆದು, 1958ರ ನವೆಂಬರ್ 1ರಿಂದ, ಕೊದಾಮ ಎಂಬ ಎಕ್ಸ್‌ಪ್ರೆಸ್ ಟೋಕಿಯೊ-ಒಸಾಕಾ ನಡುವೆ 6 ಗಂಟೆ 50 ನಿಮಿಷಕ್ಕೆ ಓಡತೊಡಗಿತು. ಇದಕ್ಕೆ ಎಂಜಿನ್ ಇರಲಿಲ್ಲ. ಮೋಟಾರುಗಳು ಬೋಗಿಗಳ ಕೆಳಗೇ ಇದ್ದವು. ದೂರದೂರಿನ ರೈಲಿಗೆ ಎಂಜಿನ್ ಬೇಕೇ ಬೇಕು, ಮೋಟಾರು ಬೋಗಿಗಳೇನಿದ್ದರೂ ಊರೊಳಗಿನ ಲೋಕಲ್ ರೈಲಿಗೆ ಎಂಬ ಹಳೆಯ ನಂಬಿಕೆ ಅಲ್ಲಿಗೆ ಮುರಿಯಿತು. 1959ರ ಜುಲೈಯಲ್ಲಿ ಇದೇ ಮಾದರಿಯ ರೈಲು ಪರೀಕ್ಷೆಯಲ್ಲಿ ಗಂಟೆಗೆ 163 ಕಿ.ಮೀ. ಮುಟ್ಟಿತು, ಅದೂ ಕಿರಿದಾದ ಹಳಿಯ ಮೇಲೆ.

ಅಗಲವಾದ ಹಳಿಯ ಹೊಸ ಮಾರ್ಗದ ಯೋಚನೆ ಯುದ್ಧಕ್ಕೆ ಮುಂಚಿನದು. 1940ರಲ್ಲಿ ಒಪ್ಪಿಗೆ ಸಿಕ್ಕ 'ಗುಂಡಿನ ರೈಲು' ಯೋಜನೆಗಾಗಿ ಜಮೀನು ಕೊಂಡು, ಸುರಂಗ ಕೊರೆಯಲು ಶುರುಮಾಡಿ, ಯುದ್ಧ ಬಿಗಡಾಯಿಸಿದಾಗ ನಿಲ್ಲಿಸಿದ್ದರು. ನಿಹೊನ್‌ಜಾಕಾ ಸುರಂಗ 1944ರಲ್ಲೇ ಮುಗಿದಿತ್ತು. ಅರ್ಧ ಕೊರೆದು ಬಿಟ್ಟ ಶಿನ್-ತನ್ನಾ ಸುರಂಗದ ಬಾಯಲ್ಲೇ 1959ರ ಏಪ್ರಿಲ್ 20ರಂದು ಹೊಸ ಮಾರ್ಗದ ಕೆಲಸಕ್ಕೆ ಗುದ್ದಲಿಪೂಜೆಯಾಯಿತು. 515 ಕಿ.ಮೀ. ಮಾರ್ಗ ಐದೂವರೆ ವರ್ಷದಲ್ಲಿ ಎದ್ದುನಿಂತ ಗುಟ್ಟಿನಲ್ಲಿ ಇದೂ ಒಂದು ಪಾಲು.

ಯೋಜನೆಯ ಹಿಂದೆ ಇದ್ದವರು ಇಬ್ಬರು. ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಸೊಗೊ ಶಿಂಜಿ, 1955ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ 71 ವರ್ಷ. ಇನ್ನೊಬ್ಬರು ಮುಖ್ಯ ಎಂಜಿನಿಯರ್ ಶಿಮಾ ಹಿದೆಓ, 1951ರ ಸಾಕುರಾಗಿಚೊ ರೈಲು ಬೆಂಕಿ ಅನಾಹುತದ ನಂತರ ರೈಲ್ವೆ ಬಿಟ್ಟಿದ್ದವರು, ಸೊಗೊ ಕರೆದು ತಂದರು. ಸಂಸತ್ತಿನ ಮುಂದೆ ಇಟ್ಟ ಅಂದಾಜು 197.2 ಶತಕೋಟಿ ಯೆನ್. ಕೊನೆಗೆ ಆದದ್ದು ಸುಮಾರು 380 ಶತಕೋಟಿ. ನಿಜವಾದ ಲೆಕ್ಕ ಕೊಟ್ಟರೆ ಯೋಜನೆಯೇ ಬಿದ್ದುಹೋಗುತ್ತದೆಂದು ಸೊಗೊಗೆ ಗೊತ್ತಿತ್ತು ಅನ್ನುವುದು ಈಗ ಗುಟ್ಟೇನಲ್ಲ. 1961ರಲ್ಲಿ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ತೆಗೆದದ್ದರಲ್ಲೂ ಒಂದು ಉಪಾಯವಿತ್ತು: ಹೊರಗಿನ ಸಾಲ ಹೆಗಲಿಗೇರಿದ ಮೇಲೆ ಮುಂದಿನ ಸರ್ಕಾರಗಳು ಕೆಲಸವನ್ನು ನಡುವೆ ನಿಲ್ಲಿಸುವಂತಿಲ್ಲ. ಸಾಲಕ್ಕೆ ಒಪ್ಪಿಸಲು ಹೇಳಿದ ಮಾತೂ ಅದೇ, ಇದರಲ್ಲಿ ಪರೀಕ್ಷಿಸದ ತಂತ್ರಜ್ಞಾನ ಏನೂ ಇಲ್ಲ. ವೆಚ್ಚ ಮೀರಿದ್ದಕ್ಕೆ ಇಬ್ಬರೂ 1963ರಲ್ಲಿ ಹುದ್ದೆ ಬಿಟ್ಟರು. ಮೊದಲ ರೈಲು ಹೊರಟ ದಿನ ಟೋಕಿಯೊ ಪ್ಲಾಟ್‌ಫಾರ್ಮಿನ ಸಮಾರಂಭದಲ್ಲಿ ಅವರಿಬ್ಬರೂ ಇರಲಿಲ್ಲ.

ಎಲ್ಲ ಅಚ್ಚಿಗೂ ಮೋಟಾರು

1955ರಲ್ಲಿ ಫ್ರಾನ್ಸ್ ವಿದ್ಯುತ್ ಎಂಜಿನ್‌ಗಳಿಂದ 331 ಕಿ.ಮೀ. ವೇಗದ ದಾಖಲೆ ಮಾಡಿತ್ತು. ಆದರೆ ಆ ಓಟದ ನಂತರ ಹಳಿ ಸೊಟ್ಟಗಾಗಿತ್ತು. ದಾಖಲೆಗೆ ಒಂದು ದಿನ ಓಡಿಸುವುದು ಬೇರೆ, ದಿನಕ್ಕೆ ಹತ್ತಾರು ರೈಲು ವರ್ಷಗಟ್ಟಲೆ ಓಡಿಸುವುದು ಬೇರೆ. ಎಂಜಿನ್ ಎಳೆಯುವ ರೈಲಿನಲ್ಲಿ ತೂಕವೆಲ್ಲ ಮುಂದಿನ ಕೆಲವೇ ಅಚ್ಚುಗಳ ಮೇಲೆ. ತೋಕೈದೊ ಮಾರ್ಗ ಹಾಯುವುದು ನದೀಮುಖದ ಮೆತ್ತನೆಯ ಭೂಮಿಯ ಮೇಲೆ. ಹಾಗಾಗಿ ಶಿಮಾ ತಂಡ ಎಲ್ಲ ಅಚ್ಚುಗಳಿಗೂ ಮೋಟಾರು ಕೊಟ್ಟಿತು. ಒಂದು ಅಚ್ಚಿನ ಮೇಲಿನ ಭಾರ 16 ಟನ್ನಿನೊಳಗೆ ಉಳಿಯಿತು.

ಲೆಕ್ಕ ಹೀಗಿದೆ. ಒಂದು ಅಚ್ಚಿಗೆ 185 ಕಿಲೋವ್ಯಾಟಿನ ಒಂದು ಮೋಟಾರು, ಬೋಗಿಗೆ 4. ಶುರುವಿನ 12 ಬೋಗಿಗಳ ರೈಲಿಗೆ 48 ಮೋಟಾರು, ಒಟ್ಟು 8880 ಕಿಲೋವ್ಯಾಟ್. 1970ರ ಹೊತ್ತಿಗೆ ಹಿಕಾರಿ ಎಂಬ ವೇಗದ ರೈಲುಗಳು 16 ಬೋಗಿಗಳಾದಾಗ 64 ಮೋಟಾರು, 11,840 ಕಿಲೋವ್ಯಾಟ್. ಎರಡೆರಡು ಬೋಗಿ ಸೇರಿ ಒಂದು ಘಟಕ. ಆ ಘಟಕಕ್ಕೆ ಮೇಲಿನ ತಂತಿಯಿಂದ ವಿದ್ಯುತ್ ಹಿಡಿಯುವ ಒಂದು ಪ್ಯಾಂಟೋಗ್ರಾಫ್, 1650 ಕೆವಿಎ ಸಾಮರ್ಥ್ಯದ ಒಂದು ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಒಂದು ಸಿಲಿಕಾನ್ ರೆಕ್ಟಿಫೈಯರ್. ಒಂದು ಘಟಕ ಕೆಟ್ಟರೂ ಉಳಿದ ಐದು ಘಟಕಗಳು ರೈಲನ್ನು ಊರು ಮುಟ್ಟಿಸುತ್ತವೆ. ಎಂಜಿನ್ ಕೆಟ್ಟರೆ ಹಾಗಾಗುವುದಿಲ್ಲ.

ಬ್ರೇಕಿನಲ್ಲಿ ಇದರ ಲಾಭ ಇನ್ನೂ ಹೆಚ್ಚು. 210 ಕಿ.ಮೀ. ವೇಗದಿಂದ ಸುಮಾರು 50 ಕಿ.ಮೀ. ತನಕ ಇಳಿಸುವುದು ಮೋಟಾರುಗಳೇ: ಅವೇ ಜನರೇಟರ್ ಆಗಿ, ಹುಟ್ಟಿದ ವಿದ್ಯುತ್ತು ಬೋಗಿಯ ಕೆಳಗಿನ ರೆಸಿಸ್ಟರುಗಳಲ್ಲಿ ಬಿಸಿಯಾಗಿ ಕರಗುತ್ತಿತ್ತು. ಆ ವಿದ್ಯುತ್ತನ್ನು ತಂತಿಗೆ ಹಿಂದಿರುಗಿಸುವ ವ್ಯವಸ್ಥೆ ಈ ರೈಲಿನಲ್ಲಿ ಕೊನೆಯ ತನಕ ಬರಲಿಲ್ಲ. 50ರಿಂದ ಕೆಳಕ್ಕೆ ಮಾತ್ರ ಚಕ್ರದ ಎರಡೂ ಮುಖಕ್ಕೆ ಬಿಗಿದ ಡಿಸ್ಕ್‌ಗಳ ಮೇಲೆ ಗಾಳಿಯ ಬ್ರೇಕು. ಎಲ್ಲ ಅಚ್ಚುಗಳಲ್ಲೂ ಮೋಟಾರು ಇರದಿದ್ದರೆ ಅಷ್ಟು ವೇಗವನ್ನು ಬರೀ ಡಿಸ್ಕ್‌ಗಳ ಮೇಲೆ ಇಳಿಸಬೇಕಾಗುತ್ತಿತ್ತು, ಅವು ತಾಳುತ್ತಿರಲಿಲ್ಲ.

ಹೋಲಿಕೆಗೆ ನಮ್ಮಲ್ಲಿಯದನ್ನೇ ನೋಡಿ. ಮಾಮೂಲಿ ಮೆಮು ರೈಲಿನಲ್ಲಿ ನಾಲ್ಕು ಬೋಗಿಗೆ ಒಂದು ಮೋಟಾರು ಬೋಗಿ, ವಂದೇ ಭಾರತ್‌ನಲ್ಲಿ ಅರ್ಧಕ್ಕರ್ಧ, ಸೊನ್ನೆ ಸರಣಿಯಲ್ಲಿ ಎಲ್ಲವೂ. 2024ರಲ್ಲಿ ಬೆಂಗಳೂರಿನ ಬೆಮೆಲ್‌ಗೆ ಚೆನ್ನೈನ ಬೋಗಿ ಕಾರ್ಖಾನೆ ಐಸಿಎಫ್‌ನಿಂದ 280 ಕಿ.ಮೀ. ವಿನ್ಯಾಸವೇಗದ, ತಲಾ 8 ಬೋಗಿಗಳ ಎರಡು ರೈಲು ಕಟ್ಟುವ ಗುತ್ತಿಗೆ ಸಿಕ್ಕಿದೆ. ಅಲ್ಲಿಯೂ ಎಂಜಿನ್ ಇಲ್ಲದೆ ಬೋಗಿಗಳ ಕೆಳಗೇ ಮೋಟಾರು ಹಂಚುವ ದಾರಿಯೇ.

ವಿದ್ಯುತ್ತಿನ ಆಯ್ಕೆಗೂ ಅಂಕಿಯೇ ಉತ್ತರ. ಹಳೆಯ ತೋಕೈದೊ ಮಾರ್ಗದ ತಂತಿಯಲ್ಲಿ 1500 ವೋಲ್ಟ್ ಡಿಸಿ. 8880 ಕಿಲೋವ್ಯಾಟ್ ಬೇಕೆಂದರೆ ಅದರಲ್ಲಿ ಸುಮಾರು 5900 ಆಂಪಿಯರ್ ಎಳೆಯಬೇಕು. ಓಡುವ ರೈಲಿನ ಪ್ಯಾಂಟೋಗ್ರಾಫ್ ಅಷ್ಟನ್ನು ತೆಗೆದುಕೊಳ್ಳಲಾರದು. 25 ಕಿಲೋವೋಲ್ಟ್ ಎಸಿಯಲ್ಲಾದರೆ 355ರ ಆಸುಪಾಸು. ಇಲ್ಲೊಂದು ಜಪಾನಿನದೇ ತೊಡಕಿತ್ತು. ಆ ದೇಶದಲ್ಲಿ ಫುಜಿ ನದಿಯ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಎರಡಕ್ಕೂ ಹೊಂದುವ ಟ್ರಾನ್ಸ್‌ಫಾರ್ಮರ್ ಮಾಡಿದರೆ ಭಾರ, ಅದೂ ಪ್ರತಿ ಎರಡು ಬೋಗಿಗೆ ಒಂದರಂತೆ. ಬದಲಿಗೆ ಪೂರ್ವದ ಭಾಗದಲ್ಲಿ ಹರ್ಟ್ಸ್ ಬದಲಿಸುವ ಕೇಂದ್ರಗಳನ್ನು ಕಟ್ಟಿ, ಇಡೀ ಮಾರ್ಗಕ್ಕೆ 60 ಹರ್ಟ್ಸ್ ಕೊಟ್ಟರು. ಭಾರವನ್ನು ರೈಲಿನಿಂದ ಇಳಿಸಿ ನೆಲದ ಮೇಲೆ ಕೂರಿಸಿದ ಈ ನಿರ್ಧಾರ ಇಡೀ ಯೋಜನೆಯಲ್ಲೇ ನನಗೆ ತುಂಬ ಹಿಡಿಸಿದ್ದು.

ಮೋಟಾರುಗಳು ಹಳೆಯ ಬಗೆಯವು: ಕಾರ್ಬನ್ ಬ್ರಷ್, ಕಮ್ಯುಟೇಟರ್ ಇರುವ ಡಿಸಿ ಸೀರೀಸ್ ಮೋಟಾರು. ವೇಗ ಹೆಚ್ಚಿಸಲು ಟ್ರಾನ್ಸ್‌ಫಾರ್ಮರಿನ ಟ್ಯಾಪುಗಳನ್ನು ಒಂದೊಂದಾಗಿ ಬದಲಿಸುವ 25 ಮೆಟ್ಟಿಲು. ವಿದ್ಯುತ್ತನ್ನು ಮೆಟ್ಟಿಲಿಲ್ಲದೆ ನಿಯಂತ್ರಿಸುವ ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು ಅಷ್ಟು ಹೊತ್ತಿಗೆ ಬಂದಿತ್ತು, ಆದರೆ ಇಷ್ಟು ದೊಡ್ಡ ಹೊರೆ ಹೊತ್ತು ವರ್ಷಗಟ್ಟಲೆ ಓಡಿ ತೋರಿಸಿರಲಿಲ್ಲ, ಆದ್ದರಿಂದ ಬೇಡ. ಈ ಹುಷಾರಿತನಕ್ಕೆ ಬೆಲೆ ತೆತ್ತದ್ದು ವರ್ಕ್‌ಶಾಪಿನವರು: ಒಂದು ರೈಲಿಗೆ 64 ಮೋಟಾರು, ಅಷ್ಟಕ್ಕೂ ಸವೆಯುವ ಬ್ರಷ್ಷು, ನಯವಾಗಿ ಇಡಬೇಕಾದ ಕಮ್ಯುಟೇಟರು, ಕಾರ್ಬನ್ ಪುಡಿ ಕೂತರೆ ಮಿಂಚು ಹಾರುವ ಭಯ. ಒಂದೊಂದು ಮೋಟಾರಿನ ತೂಕ ಸುಮಾರು 876 ಕೆ.ಜಿ. 1992ರಲ್ಲಿ ಬಂದ 300 ಸರಣಿಯ ಎಸಿ ಮೋಟಾರು 300 ಕಿಲೋವ್ಯಾಟ್ ಕೊಟ್ಟರೂ 400 ಕೆ.ಜಿ.ಯ ಒಳಗೇ ಇತ್ತು.

ಹಾವಿನಂತೆ ಓಲಾಡುವ ಚಕ್ರ

ಮೋಟಾರಿಗಿಂತ ಕಷ್ಟವಾದ ಪ್ರಶ್ನೆ ಬೋಗಿಯ ಕೆಳಗಿನ ನಾಲ್ಕು ಚಕ್ರಗಳ ಚೌಕಟ್ಟಿನದು. ರೈಲು ಚಕ್ರದ ಅಂಚು ಸಪಾಟಾಗಿರುವುದಿಲ್ಲ, ಒಳಗಿನಿಂದ ಹೊರಕ್ಕೆ ತುಸು ಇಳಿಜಾರು. ತಿರುವಿನಲ್ಲಿ ತಾನಾಗಿ ಹೊಂದಿಕೊಳ್ಳಲು ಈ ಇಳಿಜಾರು ಬೇಕು. ಆದರೆ ನೇರ ಹಳಿಯಲ್ಲಿ ಇದೇ ಇಳಿಜಾರಿನಿಂದ ಚಕ್ರಜೋಡಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸರಿಯುತ್ತ ಹೋಗುತ್ತದೆ. ಒಂದು ವೇಗದ ತನಕ ಈ ಓಲಾಟ ತಾನಾಗಿ ಅಡಗುತ್ತದೆ. ಅದನ್ನು ದಾಟಿದರೆ ಅಡಗುವ ಬದಲು ಬೆಳೆಯುತ್ತದೆ, ಹಳಿಯನ್ನೇ ಪಕ್ಕಕ್ಕೆ ತಳ್ಳುತ್ತದೆ, ಕೊನೆಗೆ ಹಳಿ ತಪ್ಪಿಸುತ್ತದೆ.

ಹಳಿ ಕೆಟ್ಟಿರುವುದರಿಂದ ರೈಲು ಅಲುಗುತ್ತದೆ ಎಂದೇ ಹಳೆಯ ರೈಲ್ವೆ ಎಂಜಿನಿಯರುಗಳಲ್ಲಿ ಅನೇಕರು ನಂಬಿದ್ದರು. ದೋಷ ವಾಹನದೊಳಗೇ ಇದೆ ಎಂದು ಲೆಕ್ಕ ಹಾಕಿ ತೋರಿಸಿದವರು ಮತ್ಸುದೈರಾ ತದಾಶಿ. ಯುದ್ಧಕಾಲದಲ್ಲಿ ನೌಕಾಪಡೆಯ ವಿಮಾನ ಸಂಶೋಧನಾಲಯದಲ್ಲಿ ಜೀರೊ ಯುದ್ಧವಿಮಾನದ ರೆಕ್ಕೆಯ ನಡುಕವನ್ನು ಬಿಡಿಸಿದ್ದವರು. ರೆಕ್ಕೆಯ ನಡುಕಕ್ಕೂ ಚಕ್ರದ ಓಲಾಟಕ್ಕೂ ಗಣಿತ ಹೆಚ್ಚುಕಡಿಮೆ ಒಂದೇ. ಯುದ್ಧ ಮುಗಿದು ವಿಮಾನ ಕಟ್ಟುವುದು ನಿಂತಾಗ ಇಂಥವರು ಹಲವರು ರೈಲ್ವೆ ಸಂಶೋಧನಾ ಸಂಸ್ಥೆಗೆ ಬಂದರು. ಗಾಳಿಯ ತಡೆಯ ಕೆಲಸ ಮಾಡಿದ ಮಿಕಿ ತದನಾಓ ಬಾಂಬರ್ ವಿಮಾನ ವಿನ್ಯಾಸ ಮಾಡಿದ್ದವರು. 1957ರ ಮೇ 30ರಂದು ಟೋಕಿಯೊದಲ್ಲಿ ಇವರೆಲ್ಲ ಸೇರಿ, ಟೋಕಿಯೊ-ಒಸಾಕಾ ಮೂರು ಗಂಟೆಯಲ್ಲಿ ಸಾಧ್ಯ ಎಂದು ಸಾರ್ವಜನಿಕ ಉಪನ್ಯಾಸ ಕೊಟ್ಟರು. ಅದೇ ಸೆಪ್ಟೆಂಬರಿನಲ್ಲಿ, ಮಿಕಿ ಕೈಯಾಡಿಸಿದ್ದ ಒದಾಕ್ಯು ಖಾಸಗಿ ರೈಲ್ವೆಯ ಹೊಸ ರೈಲು ಕಿರಿದಾದ ಹಳಿಯಲ್ಲಿ 145 ಕಿ.ಮೀ. ಓಡಿ, ಆ ಗೇಜಿನ ಆಗಿನ ವಿಶ್ವದಾಖಲೆ ಮಾಡಿತು.

ಓಲಾಟಕ್ಕೆ ಕಂಡುಕೊಂಡ ಮದ್ದು ಒಂದೇ ಅಲ್ಲ. ಚಕ್ರದ ಅಂಚಿನ ಇಳಿಜಾರನ್ನು 20ಕ್ಕೆ 1 ಇದ್ದದ್ದನ್ನು 40ಕ್ಕೆ 1 ಮಾಡಿದರು. ಚೌಕಟ್ಟಿನ ಎರಡು ಅಚ್ಚುಗಳ ನಡುವಿನ ದೂರವನ್ನು 2500 ಮಿ.ಮೀ.ಗೆ ಹಿಗ್ಗಿಸಿದರು. ಅಚ್ಚಿನ ಪೆಟ್ಟಿಗೆಯನ್ನು ಎರಡೂ ಬದಿಯಿಂದ ಪಟ್ಟಿಸ್ಪ್ರಿಂಗುಗಳಿಂದ ಹಿಡಿದು, ಅದು ಸಡಿಲವಾಗಿ ಆಡದಂತೆ ಮಾಡಿದರು. ಬೋಗಿಯ ಭಾರ ನಡುವಿನ ಗೂಟದ ಬದಲು ಎರಡು ಬದಿಯ ಆಸರೆಗಳ ಮೇಲೆ ಕೂರುವಂತೆ ಮಾಡಿ, ಆ ಉಜ್ಜಿನಿಂದಲೇ ಚೌಕಟ್ಟು ಗಿರಕಿ ಹೊಡೆಯುವುದನ್ನು ತಡೆದರು. ಮೇಲೆ ಏರ್ ಸ್ಪ್ರಿಂಗ್. ಚಕ್ರದ ವ್ಯಾಸ 910 ಮಿ.ಮೀ. ಇವಕ್ಕೆಲ್ಲ ಒಂದು ಷರತ್ತು ಇದೆ: ಇಷ್ಟು ಬಿಗಿಯಾದ ಚೌಕಟ್ಟು ಕಡುತಿರುವಿನಲ್ಲಿ ಸರಾಗವಾಗಿ ತಿರುಗದು. ಹೊಸ ಮಾರ್ಗದ ತಿರುವುಗಳಿಗೆ 2500 ಮೀಟರಿನ ತ್ರಿಜ್ಯ ಇಟ್ಟದ್ದರಿಂದ ಮಾತ್ರ ಇದು ನಡೆಯಿತು. ಚಕ್ರ ಸವೆದಂತೆ ಇಳಿಜಾರು ಮತ್ತೆ ಹೆಚ್ಚುತ್ತದೆ, ಓಲಾಟ ಮರಳುತ್ತದೆ. ಆದ್ದರಿಂದ ಚಕ್ರವನ್ನು ಡಿಪೋದಲ್ಲಿ ಲೇತ್‌ಗೆ ಕೊಟ್ಟು ಮತ್ತೆ ಮತ್ತೆ ಆಕಾರಕ್ಕೆ ತರುವುದು ಈ ರೈಲಿನ ಆರೈಕೆಯಲ್ಲಿ ತಪ್ಪಿಸಲಾಗದ ಕೆಲಸ.

ಪರೀಕ್ಷೆಗೆ ಕಾನಗಾವಾ ಪ್ರಾಂತದ ಕಮೊನೊಮಿಯಾ ಬಳಿ ಮಾರ್ಗದ ಸುಮಾರು 32 ಕಿ.ಮೀ. ತುಂಡನ್ನು ಮೊದಲೇ ಮುಗಿಸಿದರು. 1962ರ ಜೂನ್‌ನಿಂದ ಅಲ್ಲಿ ಎರಡು ಪ್ರಯೋಗದ ರೈಲು ಓಡಿದವು, ಒಂದು 2 ಬೋಗಿಯದು, ಇನ್ನೊಂದು 4 ಬೋಗಿಯದು. 1963ರ ಮಾರ್ಚ್ 30ರಂದು ನಾಲ್ಕು ಬೋಗಿಯ ರೈಲು 256 ಕಿ.ಮೀ. ಮುಟ್ಟಿತು. ಎರಡನ್ನೂ ಆಮೇಲೆ ಎಸೆಯಲಿಲ್ಲ: ಒಂದು ನೆರವಿನ ರೈಲಾಯಿತು, ಇನ್ನೊಂದು ತಂತಿ, ಸಿಗ್ನಲ್ ಪರೀಕ್ಷಿಸುವ ಮೊದಲ ಹಳದಿ ರೈಲಾಯಿತು.

ಸಿಗ್ನಲ್ಲಿನ ಮಾತೂ ಇಲ್ಲೇ ಮುಗಿಸಬಹುದು. 200ರ ಮೇಲಿನ ವೇಗದಲ್ಲಿ ಹಳಿಪಕ್ಕದ ದೀಪ ನೋಡಿ ಬ್ರೇಕು ಹಾಕುವುದು ಆಗದ ಮಾತು. ಹಳಿಯಲ್ಲಿ ಹರಿಯುವ ಸಂಕೇತದಿಂದ ಚಾಲಕನ ಮುಂದೆಯೇ 210, 160, 110, 70, 30, 0 ಎಂಬ ಮಿತಿ ಕಾಣುತ್ತಿತ್ತು. ಮೀರಿದರೆ ಬ್ರೇಕು ತಾನೇ ಬೀಳುತ್ತಿತ್ತು. ಚಾಲಕನ ಕೈಚಳಕಕ್ಕೆ ಉಳಿದದ್ದು ಮುಖ್ಯವಾಗಿ 30ರ ಕೆಳಗೆ, ಪ್ಲಾಟ್‌ಫಾರ್ಮಿನಲ್ಲಿ ಗುರುತಿಗೆ ಸರಿಯಾಗಿ ನಿಲ್ಲಿಸುವುದು.

ಓಡತೊಡಗಿದ ಮೇಲೆ

ಮೊದಲ ದಿನ ಹಿಕಾರಿ 1 ಬೆಳಗಿನ 6ಕ್ಕೆ ಟೋಕಿಯೊ ಬಿಟ್ಟು 10ಕ್ಕೆ ಶಿನ್-ಒಸಾಕಾ ತಲುಪಿತು. ಮೂರು ಗಂಟೆಯ ಮಾತು ಎಲ್ಲಿ ಹೋಯಿತು? ಹೊಸದಾಗಿ ಹಾಕಿದ ಮಣ್ಣಿನ ಏರಿಗಳು ಇನ್ನೂ ಕೂರುತ್ತಿದ್ದವು, ಹಲವು ಕಡೆ ವೇಗ ತಗ್ಗಿಸಬೇಕಿತ್ತು. ಒಂದು ವರ್ಷ ಕಳೆದು, ಏರಿ ಗಟ್ಟಿಯಾದ ಮೇಲೆ, 1965ರ ನವೆಂಬರಿನಿಂದ 3 ಗಂಟೆ 10 ನಿಮಿಷಕ್ಕೆ ಬಂತು. ತಲಾ 12 ಬೋಗಿಯ 30 ರೈಲು, ಅಂದರೆ 360 ಬೋಗಿಗಳಿಂದ ಸೇವೆ ಶುರುವಾಗಿತ್ತು. ಗಂಟೆಗೊಂದು ವೇಗದ ಹಿಕಾರಿ, ಒಂದು ಎಲ್ಲ ಕಡೆ ನಿಲ್ಲುವ ಕೊದಾಮ (ಹಳೆಯ ಎಕ್ಸ್‌ಪ್ರೆಸ್ಸಿನ ಹೆಸರೇ).

ಪರೀಕ್ಷೆಯಲ್ಲೇ ಕಂಡ ಒಂದು ತೊಂದರೆ ಈ ರೈಲನ್ನು ಕೊನೆಯ ತನಕ ಬಿಡಲಿಲ್ಲ. ಸುರಂಗಕ್ಕೆ ನುಗ್ಗಿದಾಗ, ಸುರಂಗದಲ್ಲಿ ಎದುರು ರೈಲು ಹಾದಾಗ, ಹೊರಗಿನ ಗಾಳಿಯ ಒತ್ತಡ ಒಮ್ಮೆಲೇ ಏರಿಳಿಯುತ್ತದೆ. ಪ್ರಯಾಣಿಕರ ಕಿವಿ ನೋಯುತ್ತದೆ. ಅದಕ್ಕೆ ಬೋಗಿಯನ್ನೇ ಗಾಳಿ ಆಡದಂತೆ ಮುಚ್ಚಿದರು: ಬೆಸುಗೆಯ ಸಂದುಗಳನ್ನು ಮುಚ್ಚಿ, ಬಾಗಿಲು ಹಾಕಿಕೊಂಡ ಮೇಲೆ ಗಾಳಿಯ ಸಿಲಿಂಡರಿನಿಂದ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುವ ವ್ಯವಸ್ಥೆ ಮಾಡಿದರು. ಹೊರಗಾಳಿ ಒಳಬರುವ ದಾರಿಗೆ ಮೊದಲು ಸುರಂಗ ಬಂದಾಗ ಮುಚ್ಚಿಕೊಳ್ಳುವ ಕವಾಟ ಇಟ್ಟಿದ್ದರು. ಮಾರ್ಗ ಪಶ್ಚಿಮಕ್ಕೆ ಬೆಳೆದು, 1972ರಲ್ಲಿ ಒಕಾಯಾಮ, 1975ರಲ್ಲಿ ಹಕಾತ ತಲುಪಿದಾಗ ಆ ಭಾಗದಲ್ಲಿ ಸುರಂಗಗಳೇ ಹೆಚ್ಚು. ಉದ್ದ ಸುರಂಗದಲ್ಲಿ ಕವಾಟ ಮುಚ್ಚಿಯೇ ಇದ್ದರೆ ಒಳಗಿನ ಗಾಳಿ ಕೆಡುತ್ತದೆ. ಆಮೇಲಿನ ಬೋಗಿಗಳಿಗೆ ಹೊರಗಿನ ಒತ್ತಡಕ್ಕೆ ಮಣಿಯದೆ ಸದಾ ಗಾಳಿ ಒಳಹಾಕಿ ಹೊರತೆಗೆಯುವ ಬಲವಾದ ಫ್ಯಾನುಗಳು ಬಂದವು.

ಗಾಳಿಬಿಗಿ ಬೋಗಿಗೆ ಇನ್ನೊಂದು ಶಾಪವಿದೆ. ಪ್ರತಿ ಸುರಂಗಕ್ಕೂ ಉಕ್ಕಿನ ಮೈ ಒಮ್ಮೆ ಒತ್ತಿಸಿಕೊಂಡು ಒಮ್ಮೆ ಹಿಗ್ಗುತ್ತದೆ. ಲಕ್ಷಾಂತರ ಸಲ ಹೀಗಾದರೆ ಲೋಹ ದಣಿಯುತ್ತದೆ, ಸಂದುಗಳು ಬಿಡುತ್ತವೆ. ನಮ್ಮಲ್ಲಿ ಬೋಗಿ 25-30 ವರ್ಷ ದುಡಿಯುವುದನ್ನು ನೋಡಿದವರಿಗೆ ವಿಚಿತ್ರವೆನಿಸಬಹುದು, ಆದರೆ ಮೊದಲ ಸೊನ್ನೆ ಸರಣಿಯ ಬೋಗಿಗಳನ್ನು 1976ರಿಂದಲೇ ತೆಗೆದು ಹೊಸದನ್ನು ಹಾಕತೊಡಗಿದರು. ಹನ್ನೆರಡು ಹದಿಮೂರು ವರ್ಷಕ್ಕೇ ಅವುಗಳ ಆಯಸ್ಸು ಮುಗಿದಿತ್ತು.

ಬಾಗಿಲನ್ನು ಒತ್ತಿ ಹಿಡಿಯುವ ಅದೇ ವ್ಯವಸ್ಥೆ 1995ರ ಡಿಸೆಂಬರ್ 27ರಂದು ಮಿಶಿಮಾ ನಿಲ್ದಾಣದಲ್ಲಿ ಒಂದು ಜೀವ ತೆಗೆಯಿತು. ಮುಚ್ಚಿಕೊಂಡ ಬಾಗಿಲಲ್ಲಿ ಬೆರಳು ಸಿಕ್ಕ ಪ್ರಯಾಣಿಕನನ್ನು ಕೊದಾಮ ಎಳೆದೊಯ್ದಿತು. ಸಣ್ಣ ಸಂದನ್ನು ಬಾಗಿಲ ಸ್ವಿಚ್ಚು 'ಮುಚ್ಚಿದೆ' ಎಂದೇ ತಿಳಿಸುತ್ತದೆ, ರೈಲು ಹೊರಡುತ್ತಲೇ ಒತ್ತುವ ಸಿಲಿಂಡರು ಕೆಲಸ ಶುರುಮಾಡಿದರೆ ಬೆರಳು ಎಳೆದುಕೊಳ್ಳಲೂ ಆಗದು. ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲಿನ ಮಾರ್ಗದಲ್ಲಿ ರೈಲ್ವೆಯ ಹೊಣೆಯಿಂದ ಪ್ರಯಾಣಿಕರೊಬ್ಬರು ಸತ್ತದ್ದು ಅದೇ ಮೊದಲು. ಆ ಮೇಲೆ, ರೈಲು ಸಾಕಷ್ಟು ವೇಗ ಪಡೆದ ನಂತರವೇ ಒತ್ತುವಿಕೆ ಶುರುವಾಗುವಂತೆ ಬದಲಿಸಿದರು.

ಹಿಮದ ಕಥೆ ಇನ್ನೂ ಸ್ವಾರಸ್ಯದ್ದು. ತೋಕೈದೊ ಮಾರ್ಗ ಬಹುಪಾಲು ಬೆಚ್ಚನೆಯ ಕರಾವಳಿಯದು. ಆದರೆ ಗಿಫು-ಹಶಿಮಾ ಮತ್ತು ಮೈಬಾರ ನಡುವಿನ ಸೆಕಿಗಹಾರದಲ್ಲಿ ಚಳಿಗಾಲದಲ್ಲಿ ದಪ್ಪ ಹಿಮ. ಮೊದಲ ಚಳಿಗಾಲದಲ್ಲೇ ಬಣ್ಣ ಬಯಲಾಯಿತು. ವೇಗಕ್ಕೆ ಎದ್ದ ಹಿಮದ ಪುಡಿ ಬೋಗಿಯ ಅಡಿಗೆ ಅಂಟಿ ಗಡ್ಡೆಗಟ್ಟುತ್ತದೆ. ಮುಂದೆ ಬೆಚ್ಚನೆಯ ಕಡೆ ಬಂದಾಗ ಆ ಗಡ್ಡೆ ಕಳಚಿ ಜಲ್ಲಿಯ ಮೇಲೆ ಬೀಳುತ್ತದೆ. 200 ಕಿ.ಮೀ. ವೇಗದಲ್ಲಿ ಬಿದ್ದ ಮಂಜುಗಡ್ಡೆ ಜಲ್ಲಿಕಲ್ಲನ್ನು ಎಬ್ಬಿಸುತ್ತದೆ, ಕಲ್ಲು ಅಡಿಯ ಉಪಕರಣಗಳನ್ನೂ ಕಿಟಕಿಯನ್ನೂ ಒಡೆಯುತ್ತದೆ. ಹಿಮ ಬೀಳುವುದು ಒಂದು ಕಡೆ, ಗಾಜು ಒಡೆಯುವುದು ಇನ್ನೊಂದು ಕಡೆ. ಆ ಭಾಗದಲ್ಲಿ ವೇಗ ಇಳಿಸಿದರು, ನಿಲ್ದಾಣಗಳಲ್ಲಿ ಆಳುಗಳನ್ನಿಟ್ಟು ಅಡಿಯ ಗಡ್ಡೆ ಬಡಿದು ಬೀಳಿಸಿದರು, ಹಳಿಪಕ್ಕದಲ್ಲಿ ಸ್ಪ್ರಿಂಕ್ಲರ್‌ಗಳನ್ನು ಹಾಕಿದರು. ಸ್ಪ್ರಿಂಕ್ಲರಿನ ನೀರಿನಿಂದ ಹಿಮ ಪೂರ್ತಿ ಕರಗಬೇಕೆಂದೇನಿಲ್ಲ. ಅದು ಒದ್ದೆಯಾಗಿ ಭಾರವಾದರೆ ಸಾಕು, ಪುಡಿ ಮೇಲೇಳುವುದಿಲ್ಲ. ಪೂರ್ಣ ಪರಿಹಾರವೆಂದರೆ ಅಡಿಯ ಉಪಕರಣಗಳನ್ನೆಲ್ಲ ಬೋಗಿಯ ಮೈಯೊಳಗೇ ಮುಚ್ಚುವುದು, ಅದು ಬಂದದ್ದು 1982ರ ತೊಹೊಕು ಮಾರ್ಗದ 200 ಸರಣಿಯಲ್ಲಿ. ತೋಕೈದೊ ಮಾರ್ಗದಲ್ಲಿ ನೀರು ಸಿಂಪಡಿಸುವುದು ಇಂದಿಗೂ ನಡೆದಿದೆ.

ಮೊದಲ ಬೋಗಿಗಳಲ್ಲಿ ಎರಡು ಸಾಲು ಸೀಟಿಗೆ ಒಂದರಂತೆ ದೊಡ್ಡ ಕಿಟಕಿ. ನೋಡಲು ಚೆಂದ, ಒಡೆದರೆ ದೊಡ್ಡ ಗಾಜನ್ನೇ ಬದಲಿಸಬೇಕು. 1976ರಲ್ಲಿ ಬಂದ 1000ದ ಸಾಲಿನ ಬೋಗಿಗಳಲ್ಲಿ ಸಾಲಿಗೊಂದು ಸಣ್ಣ ಕಿಟಕಿ ಮಾಡಿದ್ದಕ್ಕೆ ಜಲ್ಲಿಕಲ್ಲೇ ಮುಖ್ಯ ಕಾರಣ. ಮೂಗಿನ ತುದಿಯ ದುಂಡು ಮುಚ್ಚಳದ ಕಥೆಯೂ ಇದೇ ಜಾತಿಯದು. ಅದರ ಒಳಗಿರುವುದು ಕೆಟ್ಟ ರೈಲನ್ನು ಎಳೆಯುವ ಕಪ್ಲರ್. ಶುರುವಿನಲ್ಲಿ ಬೆಳಕು ಹಾಯುವ ಅಕ್ರಿಲಿಕ್ ಮುಚ್ಚಳ ಹಾಕಿದ್ದರು, ಹಕ್ಕಿ ಬಡಿದರೆ ಒಡೆಯುತ್ತಿತ್ತು. ಆಮೇಲೆ ಗಟ್ಟಿ ಮುಚ್ಚಳ ಬಂತು, ಹೊಳೆಯುವ ಮೂಗು ಹೋಯಿತು.

1966ರ ಏಪ್ರಿಲ್‌ನಲ್ಲಿ ಓಡುತ್ತಿದ್ದ ಹಿಕಾರಿಯೊಂದರ ಅಚ್ಚೇ ಮುರಿಯಿತು. ಯಾರಿಗೂ ಏನೂ ಆಗಲಿಲ್ಲ. ದೋಷ ಇದ್ದದ್ದು ಅಚ್ಚನ್ನು ಕಾಯಿಸಿ ಗಟ್ಟಿ ಮಾಡುವ ಹಂತದಲ್ಲಿ. ಅಚ್ಚುಗಳ ಒಳಬಿರುಕನ್ನು ಅಲ್ಟ್ರಾಸೋನಿಕ್ ತಪಾಸಣೆಯಿಂದ ಹುಡುಕುವುದು ಇದರಿಂದ ಇನ್ನಷ್ಟು ಬಿಗಿಯಾಯಿತು.

ಎಪ್ಪತ್ತರ ದಶಕ ಕೆಟ್ಟದಾಗಿತ್ತು. 1973ರ ಫೆಬ್ರವರಿಯಲ್ಲಿ ಒಸಾಕಾ ಡಿಪೋದಿಂದ ಹೊರಬರುತ್ತಿದ್ದ ಖಾಲಿ ರೈಲು ನಿಲ್ಲಬೇಕಾದ ಜಾಗ ದಾಟಿ ಹಳಿ ತಪ್ಪಿತು. ತಿರುವಿನ ಹಳಿಗೆ ಸವೆತ ತಡೆಯಲು ಹಚ್ಚಿದ ಎಣ್ಣೆಯಿಂದ ಚಕ್ರ ಜಾರಿತ್ತು. 1974ರಲ್ಲಿ ಸಿಗ್ನಲ್ ವ್ಯವಸ್ಥೆ ತಪ್ಪು ಸಂಕೇತ ತೋರಿಸಿದ ಪ್ರಸಂಗಗಳಾದವು. ಹಳಿಯೂ ದಣಿದಿತ್ತು. 16 ಬೋಗಿಯ ಭಾರದ ರೈಲುಗಳು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಓಡುತ್ತಿದ್ದವು, ರಾತ್ರಿಯ ಕೆಲವೇ ಗಂಟೆಗಳ ರಿಪೇರಿ ಸಾಲದಾಯಿತು. 1976ರಿಂದ 1982ರ ತನಕ ಆಗಾಗ ಅರ್ಧ ದಿನ ಇಡೀ ಮಾರ್ಗವನ್ನೇ ಮುಚ್ಚಿ ಹಳಿಯನ್ನು ಮೀಟರಿಗೆ 60 ಕೆ.ಜಿ.ಯ ಭಾರದ ಹಳಿಗೆ ಬದಲಿಸಿದರು, ತಂತಿಯನ್ನೂ ಬದಲಿಸಿದರು. ಹೀಗೆ 44 ಸಲ. ದೇಶದ ಅತಿ ಬಿಡುವಿಲ್ಲದ ಮಾರ್ಗವನ್ನು ಹಗಲಲ್ಲೇ ಮುಚ್ಚುವ ಧೈರ್ಯ ಎಷ್ಟು ರೈಲ್ವೆಗಳಿಗಿದೆ?

ಅದೇ ಹೊತ್ತಿಗೆ ನಗೋಯಾದಲ್ಲಿ ಮಾರ್ಗದ ಪಕ್ಕದ ನಿವಾಸಿಗಳು ಸದ್ದು, ಅದುರಾಟದ ವಿರುದ್ಧ 1974ರಲ್ಲಿ ಕೋರ್ಟಿಗೆ ಹೋದರು. 1975ರಲ್ಲಿ ಸರ್ಕಾರ ವಾಸದ ಪ್ರದೇಶಕ್ಕೆ 70 ಡೆಸಿಬೆಲ್ ಗುರಿ ಇಟ್ಟಿತು, ಮೊಕದ್ದಮೆ ರಾಜಿಯಾದದ್ದು 1986ಕ್ಕೆ. ಸದ್ದಿನಲ್ಲಿ ದೊಡ್ಡ ಪಾಲು ಪ್ಯಾಂಟೋಗ್ರಾಫ್‌ನದು. 16 ಬೋಗಿಗೆ 8 ಪ್ಯಾಂಟೋಗ್ರಾಫ್, ಒಂದಕ್ಕೊಂದು ವಿದ್ಯುತ್ ಸಂಪರ್ಕವಿಲ್ಲ. ಮುಂದಿನದು ತಂತಿಯನ್ನು ಅಲುಗಿಸಿದರೆ ಹಿಂದಿನದು ಕ್ಷಣಕಾಲ ಬಿಟ್ಟು ಕಿಡಿ ಹಾರಿಸುತ್ತದೆ. ಎಲ್ಲವನ್ನೂ ಒಂದು ಕೇಬಲ್ಲಿಗೆ ಜೋಡಿಸಿದ್ದರೆ ಒಂದು ಬಿಟ್ಟಾಗ ಇನ್ನೊಂದು ನೋಡಿಕೊಳ್ಳುತ್ತಿತ್ತು. ಆಗಿನ ವಿದ್ಯುತ್ ಪೂರೈಕೆಯ ಪದ್ಧತಿಯಲ್ಲಿ ಅದಕ್ಕೆ ಆಸ್ಪದವಿರಲಿಲ್ಲ. ನೆಲದ ಮೇಲಿನ ಪೂರೈಕೆ ಬದಲಾದ ಮೇಲೆ ಹೊಸ ರೈಲುಗಳಿಗೆ ಆ ಲಾಭ ಸಿಕ್ಕಿತು, ಪ್ಯಾಂಟೋಗ್ರಾಫ್‌ಗಳೂ ಕಡಿಮೆಯಾದವು. ಸೊನ್ನೆ ಸರಣಿ ಮಾತ್ರ ಎಂಟನ್ನೇ ಹೊತ್ತು ಓಡಿತು.

ಯಾಕೆ 1986ರ ತನಕ ಅದನ್ನೇ ಕಟ್ಟಿದರು?

ನನಗೆ ಈ ಇತಿಹಾಸದಲ್ಲಿ ಒಪ್ಪಿಗೆಯಾಗದ ಭಾಗ ಇದು. 1964ರ ವಿನ್ಯಾಸವನ್ನೇ 22 ವರ್ಷ, 38 ಕಂತುಗಳಲ್ಲಿ ಕಟ್ಟುತ್ತ ಹೋದರು. ಕಾರಣವಿತ್ತು: ರೈಲನ್ನು ಇಡಿಯಾಗಿ ಬದಲಿಸುತ್ತಿರಲಿಲ್ಲ, ಹಳತಾದ ಬೋಗಿಗಳನ್ನಷ್ಟೇ ತೆಗೆದು ಅದೇ ರೈಲಿಗೆ ಹೊಸ ಬೋಗಿ ಸೇರಿಸುತ್ತಿದ್ದರು. ಹಾಗೆ ಸೇರಬೇಕಾದರೆ ಮೋಟಾರು, ಟ್ಯಾಪು, ಬ್ರೇಕು ಎಲ್ಲ ಹಳೆಯದೇ ಆಗಿರಬೇಕು. ಒಂದೇ ರೈಲಿನಲ್ಲಿ ದೊಡ್ಡ ಕಿಟಕಿಯದೂ ಸಣ್ಣ ಕಿಟಕಿಯದೂ ಬೆರೆತಿರುತ್ತಿದ್ದದ್ದು ಇದಕ್ಕೇ. ಬಿಡಿಭಾಗ ಒಂದೇ, ತರಬೇತಿ ಒಂದೇ, ಯಾವ ರೈಲು ಯಾವ ಸರದಿಗಾದರೂ ಹೊಂದುತ್ತದೆ. ಸಾಲದಲ್ಲಿ ಮುಳುಗಿದ್ದ ರಾಷ್ಟ್ರೀಯ ರೈಲ್ವೆಗೆ ಇದು ಅನುಕೂಲವೇ. ಆದರೆ ವೇಗ 21 ವರ್ಷ 210ರಲ್ಲೇ ನಿಂತಿತು. 1981ರಲ್ಲಿ ಫ್ರಾನ್ಸಿನ ಟಿಜಿವಿ 260ಕ್ಕೆ ಓಡತೊಡಗಿದಾಗಲೂ ಅಷ್ಟೇ. 1986ರ ನವೆಂಬರಿನಲ್ಲಿ 220ಕ್ಕೆ ಏರಿಸಿದಾಗ ಮಾತ್ರ ಟೋಕಿಯೊ-ಶಿನ್-ಒಸಾಕಾ ಮೂರು ಗಂಟೆಯೊಳಗೆ ಬಂತು, 1957ರ ಉಪನ್ಯಾಸದ ಮಾತು ನಡೆಯಲು 29 ವರ್ಷ ಹಿಡಿಯಿತು.

ಸೀಟು ಇದಕ್ಕೆ ಒಳ್ಳೆಯ ಉದಾಹರಣೆ. ಬೋಗಿಯ ಅಗಲ 3.38 ಮೀಟರ್, ಸಾಲಿಗೆ 3+2. ಶುರುವಿನಲ್ಲಿ ಬೆನ್ನೊರಗನ್ನು ಅತ್ತಿತ್ತ ಮಗುಚಿ ದಿಕ್ಕು ಬದಲಿಸುವ ಸೀಟು, ಸಾಲುಗಳ ನಡುವೆ 940 ಮಿ.ಮೀ. 1981ರ 2000ದ ಸಾಲಿನಲ್ಲಿ 980 ಮಿ.ಮೀ. ಮಾಡಿ, ಒರಗುವ ಸೀಟು ಹಾಕಿದರು. ಎರಡರ ಸೀಟು ತಿರುಗುತ್ತದೆ, ಮೂರರ ಸೀಟು ಆ ಜಾಗದಲ್ಲಿ ತಿರುಗಲಾರದು. ಹಾಗಾಗಿ ಮೂರರ ಸೀಟುಗಳನ್ನು ಬೋಗಿಯ ನಡುವಿನಿಂದ ಎರಡು ದಿಕ್ಕಿಗೆ ಮುಖಮಾಡಿ ನೆಟ್ಟುಬಿಟ್ಟರು, ಆ ಬದಿಯ ಅರ್ಧ ಜನ ಯಾವಾಗಲೂ ಹಿಮ್ಮುಖ ಪ್ರಯಾಣ. 1985ರ 100 ಸರಣಿಯಲ್ಲಿ 1040 ಮಿ.ಮೀ. ಕೊಟ್ಟ ಮೇಲೆ ಮೂರರದೂ ತಿರುಗಿತು. ಅರವತ್ತು ಮಿಲಿಮೀಟರಿಗಾಗಿ ಅಷ್ಟು ವರ್ಷ!

1987ರಲ್ಲಿ ರಾಷ್ಟ್ರೀಯ ರೈಲ್ವೆ ಒಡೆದು ಕಂಪನಿಗಳಾದಾಗ ಸೊನ್ನೆ ಸರಣಿ ಜೆಆರ್ ಸೆಂಟ್ರಲ್, ಜೆಆರ್ ವೆಸ್ಟ್ ನಡುವೆ ಹಂಚಿಹೋಯಿತು. ಸೆಂಟ್ರಲ್‌ಗೆ ಬೇಕಾದದ್ದು ವೇಗ. ಅಚ್ಚಿಗೆ 16 ಟನ್ ಹೇರುವ ರೈಲು 270ಕ್ಕೆ ಓಡುವ ರೈಲುಗಳ ನಡುವೆ ಅಡ್ಡಿಯೇ. 300 ಸರಣಿಯ ಅಚ್ಚಿನ ಭಾರ 11 ಟನ್ನಿನ ಆಸುಪಾಸು. 1999ರ ಸೆಪ್ಟೆಂಬರ್ 18ಕ್ಕೆ ತೋಕೈದೊ ಮಾರ್ಗದಿಂದ ಸೊನ್ನೆ ಸರಣಿ ಹೋಯಿತು. ಜೆಆರ್ ವೆಸ್ಟ್ ಬೇರೆ ದಾರಿ ಹಿಡಿಯಿತು. ಶಿನ್-ಒಸಾಕಾದಿಂದ ಪಶ್ಚಿಮಕ್ಕೆ ಹಕಾತ ತನಕದ ಸಾನ್ಯೊ ಮಾರ್ಗದಲ್ಲಿ ಜನ ಕಡಿಮೆ, ವಿಮಾನದ ಪೈಪೋಟಿ ಜಾಸ್ತಿ. 1988ರಲ್ಲಿ 2+2 ಸೀಟಿನ ವೆಸ್ಟ್ ಹಿಕಾರಿ ಮಾಡಿತು. ಆಮೇಲೆ ಅವನ್ನು ಆರು, ನಾಲ್ಕು ಬೋಗಿಗೆ ತುಂಡರಿಸಿ ಕೊದಾಮ ಓಡಿಸಿತು. ಎಲ್ಲ ಅಚ್ಚಿಗೂ ಮೋಟಾರು, ಎರಡು ಬೋಗಿಗೆ ಒಂದು ಸ್ವತಂತ್ರ ಘಟಕ ಎಂಬ 1964ರ ಆಯ್ಕೆ ಇಲ್ಲಿ ಮತ್ತೆ ಕೈಹಿಡಿಯಿತು: ರೈಲನ್ನು ಎಷ್ಟು ಚಿಕ್ಕದು ಮಾಡಿದರೂ ಬೋಗಿಗೆ ಸಿಗುವ ಶಕ್ತಿ ಅಷ್ಟೇ. ಕೊನೆಯ ನಿತ್ಯದ ಓಟ 2008ರ ನವೆಂಬರ್ 30ರ ಕೊದಾಮ 659, ಒಕಾಯಾಮದಿಂದ ಹಕಾತಕ್ಕೆ. ಡಿಸೆಂಬರಿನಲ್ಲಿ ಕೆಲವು ಬೀಳ್ಕೊಡುಗೆಯ ವಿಶೇಷ ರೈಲು ಓಡಿದವು.

ಕ್ಯೋಟೊ ರೈಲ್ವೆ ಮ್ಯೂಸಿಯಂನಲ್ಲಿ ಮೊದಲ ಕಂತಿನ ಬೋಗಿಗಳಿವೆ. ಇಂಗ್ಲೆಂಡಿನ ಯಾರ್ಕ್ ಮ್ಯೂಸಿಯಂಗೆ 2001ರಲ್ಲಿ ಒಂದು ಹೋಯಿತು. ಯಾರಾದರೂ ಹೋದರೆ ಪಕ್ಕದ ಸಂಖ್ಯೆ ಓದಿಕೊಳ್ಳಿ. ಮೊದಲ ಅಂಕಿ 1 ಆದರೆ ಮೇಲ್ದರ್ಜೆ, 2 ಆದರೆ ಸಾಮಾನ್ಯ, 3 ಆದರೆ ತಿಂಡಿ-ಊಟದ ಬೋಗಿ. 21 ಎಂದರೆ ಒಸಾಕಾ ಕಡೆಯ ತುದಿಯ ಚಾಲಕನ ಬೋಗಿ, 22 ಟೋಕಿಯೊ ಕಡೆಯದು. 25, 26 ನಡುವಿನವು. ಅಡ್ಡಗೆರೆಯ ನಂತರದ ಸಂಖ್ಯೆ 1000ಕ್ಕಿಂತ ಕೆಳಗಿದ್ದರೆ ದೊಡ್ಡ ಕಿಟಕಿ, 1000ದ ಮೇಲಿದ್ದರೆ ಸಣ್ಣದು, 2000ದ ಮೇಲಾದರೆ 980 ಮಿ.ಮೀ. ಅಂತರದ ಸೀಟು. ಯಾರ್ಕ್‌ನದು 22-141: ಟೋಕಿಯೊ ತುದಿಯದು, ದೊಡ್ಡ ಕಿಟಕಿಯದು. ಬಗ್ಗಿ ಅಡಿಯನ್ನೂ ನೋಡಿ, ಚಕ್ರದ ಎರಡೂ ಮುಖಕ್ಕೆ ಬಿಗಿದ ಬ್ರೇಕ್ ಡಿಸ್ಕ್ ಹೊರಗಿನಿಂದಲೇ ಕಾಣುತ್ತದೆ.